ಮೊಸರು, ಹಣ್ಣು, ಫ್ರೀಜರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಲು ಮೊಸರಾದರೂ ಹೆಪ್ಪುಗಟ್ಟಿತು ಅಂತೀವಿ, ನೀರು ಐಸ್ ಆದರೂ ಹೆಪ್ಪುಗಟ್ಟಿತು ಅಂತೀವಿ. ಮೊಸರಿಗೆ ಹಣ್ಣು ಸೇರಿಸಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ತಿನ್ನುವ ಈ ತಿಂಡಿಯಲ್ಲಿ ಎರಡೂ ಹೆಪ್ಪು ಇದೆ. ಮೊದಲನೆಯದನ್ನು ಬ್ಯಾಕ್ಟೀರಿಯಾ ನೋಡಿಕೊಳ್ಳುತ್ತವೆ, ಅದರಲ್ಲಿ ಎಡವುವವರು ಕಡಿಮೆ. ಎರಡನೆಯದು ಫ್ರೀಜರ್‌ನ ಕೆಲಸ. ತಕರಾರೆಲ್ಲ ಅಲ್ಲೇ. ನನ್ನ ಹತ್ತಿರ ಬಂದ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದಾಗ, ಮುಕ್ಕಾಲು ಪಾಲು ನೀರಿನ ಪ್ರಶ್ನೆಗಳೇ ಆಗಿದ್ದವು: ಎಷ್ಟು ನೀರು, ಯಾವ ರೂಪದಲ್ಲಿ, ಎಲ್ಲಿಂದ ಬಂತು.

ಮಾತಿನ ನಡುವೆ ಕೇಳಿದ್ದು, ಬರೆದು ಕೇಳಿದ್ದು, ಒಬ್ಬರೇ ಮೂರು ಸಲ ಕೇಳಿದ್ದು, ಎಲ್ಲ ಇಲ್ಲಿದೆ. ಮೊದಲ ಸಲ ಮಾಡುವವರು ಮೇಲಿನಿಂದ ಓದಿ. ಈಗಾಗಲೇ ಒಂದು ಟ್ರೇ ಹಾಳು ಮಾಡಿಕೊಂಡಿದ್ದರೆ ಸೀದಾ "ಕೈಕೊಟ್ಟಾಗ" ಭಾಗಕ್ಕೆ ಹೋಗಿ.

## ಶುರು ಮಾಡುವವರಿಗೆ

ತುಂಬಾ ಸುಲಭದ್ದು ಒಂದು ಹೇಳಿ. ಇವತ್ತೇ ಮಾಡಬೇಕು.

ಹಾಗಾದರೆ ಹಾಳೆ ಮಾಡಿ. ಮೊಸರನ್ನು ತೆಳ್ಳಗೆ ಹರಡಿ, ಮೇಲೆ ಹಣ್ಣು ಉದುರಿಸಿ, ಗಟ್ಟಿಯಾದ ಮೇಲೆ ಮುರಿದು ತಿನ್ನುವುದು. ಅಷ್ಟೇ.

ಬೇಕಾಗಿದ್ದು: 500 ಗ್ರಾಂ ಗಟ್ಟಿ ಮೊಸರು, 3 ದೊಡ್ಡ ಚಮಚ ಜೇನುತುಪ್ಪ ಅಥವಾ ಪುಡಿ ಸಕ್ಕರೆ, ಒಂದು ಚಿಟಿಕೆ ಉಪ್ಪು, ಒಂದು ಕಪ್ ಸಣ್ಣಗೆ ಹೆಚ್ಚಿದ ಹಣ್ಣು. ಮೊಸರು, ಸಿಹಿ, ಉಪ್ಪು ಮೂರನ್ನೂ ಗಂಟಿಲ್ಲದಂತೆ ಕಲಸಿ. ಟ್ರೇಗೆ ಬಟರ್ ಪೇಪರ್ ಹಾಕಿ, ಅಂಚು ಎರಡೂ ಕಡೆ ಹೊರಗೆ ಚಾಚಿಕೊಂಡಿರಲಿ. ಆಮೇಲೆ ಎತ್ತುವುದಕ್ಕೆ ಅದೇ ಹಿಡಿ. ಟ್ರೇ ಇಲ್ಲದಿದ್ದರೆ ಅಗಲವಾದ ಸ್ಟೀಲ್ ತಟ್ಟೆ ಸಾಕು. ಮೊಸರನ್ನು ಅರ್ಧದಿಂದ ಮುಕ್ಕಾಲು ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಹಣ್ಣು ಉದುರಿಸಿ, ಬೆರಳಿನಿಂದ ಸ್ವಲ್ಪ ಒತ್ತಿ. ಒತ್ತದಿದ್ದರೆ ಮುರಿಯುವಾಗ ಹಣ್ಣು ಒಂದು ಕಡೆ, ಮೊಸರು ಇನ್ನೊಂದು ಕಡೆ ಹಾರುತ್ತದೆ.

ಮೂರು ಗಂಟೆ ಬಿಟ್ಟು ನೋಡಿ. ಪೇಪರ್ ಎತ್ತಿದಾಗ ಹಾಳೆ ಬಾಗದೆ ನೆಟ್ಟಗೆ ಬರಬೇಕು. ಮುರಿದರೆ "ಟಪ್" ಅನ್ನಬೇಕು. ಅಂಚು ಗಟ್ಟಿಯಾಗಿ ನಡುವೆ ಬಾಗುತ್ತಿದ್ದರೆ ಇನ್ನೊಂದು ಗಂಟೆ ಬೇಕು ಅಂತ ಅರ್ಥ.

ಯಾವ ಮೊಸರು ತಗೋಬೇಕು? ಮನೇಲಿ ಹೆಪ್ಪು ಹಾಕಿದ್ದು ಆಗುತ್ತಾ?

ಆಗುತ್ತದೆ, ಆದರೆ ಹಾಗೇ ಹಾಕಬೇಡಿ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಮೊಸರಾದ ಮೇಲೂ ಆ ನೀರು ಎಲ್ಲೂ ಹೋಗಿರುವುದಿಲ್ಲ, ಹಾಲಿನ ಪ್ರೋಟೀನು ಹೆಣೆದ ಬಲೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಚಮಚ ಹಾಕಿ ಒಂದು ಕಡೆ ತೆಗೆದರೆ ಆ ಗುಂಡಿಯಲ್ಲಿ ತಿಳಿ ಹಸಿರು ನೀರು ನಿಲ್ಲುತ್ತದೆ, ನೋಡಿದ್ದೀರಲ್ಲ? ಫ್ರೀಜರ್‌ಗೆ ಹೋದರೆ ಅದೇ ಐಸ್ ಚೂರು.

ಆದ್ದರಿಂದ ಸೋಸಿ. ಜರಡಿಯ ಮೇಲೆ ತೆಳು ಬಟ್ಟೆ ಹಾಸಿ, ಕೆಳಗೆ ಪಾತ್ರೆ ಇಟ್ಟು, ಮೊಸರು ಸುರಿದು, ಫ್ರಿಜ್ ಒಳಗೆ ನಾಲ್ಕೈದು ಗಂಟೆ ಬಿಡಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು, ತೂಕ ಹೆಚ್ಚೂ ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೊರಗೆ ಇಟ್ಟು ಸೋಸಿದರೆ ಹುಳಿ ಏರುತ್ತಾ ಹೋಗುತ್ತದೆ. ಆತುರಕ್ಕೆ ಬಟ್ಟೆ ಹಿಂಡಿದರೆ ನೀರಿನ ಜೊತೆ ಮೊಸರೂ ಹೊರಗೆ ಬರುತ್ತದೆ. ಕೆಳಗೆ ಇಳಿದ ನೀರನ್ನು ಚೆಲ್ಲಬೇಡಿ, ಹಿಟ್ಟು ಕಲಸಲು ಚೆನ್ನಾಗಿರುತ್ತದೆ.

ಗ್ರೀಕ್ ಯೋಗರ್ಟ್ ಅಂತ ಸಿಗುವುದು ಈಗಾಗಲೇ ಸೋಸಿದ್ದು. ಡಬ್ಬಿ ತೆರೆದು ನೇರ ಬಳಸಿ. ಯಾವುದೇ ಮೊಸರಾದರೂ ಕೆನೆ ತೆಗೆಯದ್ದನ್ನೇ ತಗೊಳ್ಳಿ. ಕೊಬ್ಬು ಕಮ್ಮಿ ಇದ್ದಷ್ಟೂ ಬಾಯಲ್ಲಿ ಐಸ್‌ನ ಅನುಭವ ಜಾಸ್ತಿ.

ಕಲಸುವಾಗ ಸಿಹಿ ಸರಿಯಾಗೇ ಇತ್ತು, ತಿನ್ನುವಾಗ ಸಪ್ಪೆ. ಸಕ್ಕರೆ ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ, ನಾಲಿಗೆ ಮರಗಟ್ಟಿದೆ. ತಣ್ಣಗಿರುವ ಪದಾರ್ಥದಲ್ಲಿ ಸಿಹಿ ನಮಗೆ ಕಮ್ಮಿ ಗೊತ್ತಾಗುತ್ತದೆ. ಕರಗಿದ ಐಸ್‌ಕ್ರೀಮನ್ನು ಒಂದು ಚಮಚ ಕುಡಿದು ನೋಡಿ, ಗಂಟಲು ಕಟ್ಟುವಷ್ಟು ಸಿಹಿ ಇರುತ್ತದೆ. ಆದ್ದರಿಂದ ಕಲಸುವಾಗ ರುಚಿ ನೋಡಿ "ಅಯ್ಯೋ, ಒಂಚೂರು ಜಾಸ್ತಿಯಾಯ್ತು" ಅನ್ನಿಸುವಲ್ಲಿಗೆ ನಿಲ್ಲಿಸಿ. ಗಟ್ಟಿಯಾದ ಮೇಲೆ ಅದು ಸರಿಹೋಗುತ್ತದೆ. ಚಿಟಿಕೆ ಉಪ್ಪು ಇರುವುದೂ ಸಿಹಿಯನ್ನು ಎತ್ತಿ ಕೊಡಲು.

ಐಸ್‌ಕ್ರೀಮ್ ಮಷಿನ್ ಬೇಕಾ?

ಬೇಡ. ಹಾಳೆಗೆ ತಟ್ಟೆ ಸಾಕು, ತುಣುಕುಗಳಿಗೆ ಐಸ್ ಟ್ರೇ ಸಾಕು. ಇದ್ದರೆ ಒಳ್ಳೆಯದು ಅನ್ನುವುದು ಒಂದೇ, ಸಿಲಿಕೋನ್ ಅಚ್ಚು. ಹಿಂದಿನಿಂದ ಒತ್ತಿದರೆ ತುಣುಕು ಹೊರಗೆ.

ಎಷ್ಟು ಹೊತ್ತು ಇಡಬೇಕು? ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನಕ್ಕೂ ಪೇಸ್ಟ್ ತರಹ ಇದೆ.

ಲೆಕ್ಕ ಇರುವುದು ದಪ್ಪದ ಮೇಲೆ. ತೆಳು ಹಾಳೆಗೆ 2ರಿಂದ 4 ಗಂಟೆ. ಐಸ್ ಟ್ರೇ ತುಣುಕಿಗೆ 4ರಿಂದ 5. ಕಡ್ಡಿ ಐಸ್‌ಗೆ 6ರಿಂದ 8, ರಾತ್ರಿ ಇಟ್ಟು ಮಲಗುವುದೇ ವಾಸಿ. ಇದು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಫ್ರೀಜರ್‌ನ ಮಾತು. ಒಂದೇ ಬಾಗಿಲಿನ ಫ್ರಿಜ್‌ನ ಒಳಗೆ ಇರುವ ಪುಟ್ಟ ಐಸ್ ಗೂಡು ಸಾಮಾನ್ಯವಾಗಿ ಅಷ್ಟು ತಣ್ಣಗಿರುವುದಿಲ್ಲ. ಅದರಲ್ಲಿ ಹಾಳೆ ಮಾತ್ರ ಮಾಡಿ, ಅದೂ ರಾತ್ರಿಯಿಡೀ. ಬಿಸಿ ಸಾಂಬಾರಿನ ಡಬ್ಬಿಯನ್ನು ಅದೇ ಹೊತ್ತಿಗೆ ಪಕ್ಕದಲ್ಲಿ ತುರುಕಿದ್ದರೆ ಪ್ರಶ್ನೆಯೇ ಬೇಡ.

ಇನ್ನೊಂದು, ಟ್ರೇ ಸಮತಟ್ಟಾಗಿ ಕೂರುವ ಜಾಗವನ್ನು ಮೊಸರು ಕಲಸುವ ಮುಂಚೆಯೇ ಮಾಡಿಟ್ಟುಕೊಳ್ಳಿ. ನಾನು ಒಮ್ಮೆ ಬಟಾಣಿ ಪ್ಯಾಕೆಟ್ ಮೇಲೆ ಟ್ರೇ ಇಟ್ಟು ಬಾಗಿಲು ಹಾಕಿದ್ದೆ. ಸಂಜೆ ತೆಗೆದರೆ ಒಂದು ಮೂಲೆಯಲ್ಲಿ ಮೂರು ಬೆರಳು ದಪ್ಪದ ಗಡ್ಡೆ, ಎದುರು ಮೂಲೆಯಲ್ಲಿ ಬರೀ ಪೇಪರ್.

## ಹಣ್ಣಿನ ವಿಷಯ

ಯಾವ ಹಣ್ಣು ಚೆನ್ನಾಗಿ ಬರುತ್ತೆ, ಯಾವುದು ಬೇಡ?

ತಿರುಳು ಜಾಸ್ತಿ, ನೀರು ಕಮ್ಮಿ ಇರುವುದು ಗೆಲ್ಲುತ್ತದೆ. ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಮಾಗಿದ ಬಾಳೆಹಣ್ಣಿಗೆ, ಎರಡನೆಯದು ಮಾವಿಗೆ. ಇವೆರಡೂ ಗಟ್ಟಿಯಾದರೂ ಹಲ್ಲಿಗೆ ಸುಲಭವಾಗಿ ಸಿಗುತ್ತವೆ. ಬ್ಲೂಬೆರಿ ಇಡಿಯಾಗಿ ಹಾಕಬಹುದು. ಸ್ಟ್ರಾಬೆರಿಯನ್ನು ತೆಳು ಬಿಲ್ಲೆ ಮಾಡಿ. ಇಡೀ ಹಣ್ಣು ಹಾಕಿದರೆ ನಡುವಿನ ಭಾಗ ಐಸ್ ಗುಂಡು. ಒಣ ದ್ರಾಕ್ಷಿ, ಖರ್ಜೂರದ ಚೂರು ಫ್ರೀಜರ್‌ನಲ್ಲೂ ಮೆತ್ತಗೇ ಇರುತ್ತವೆ, ಏಕೆಂದರೆ ಅವುಗಳಲ್ಲಿ ನೀರಿಗಿಂತ ಸಕ್ಕರೆಯೇ ಹೆಚ್ಚು.

ಕಲ್ಲಂಗಡಿ ಬೇಡ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ. ಮೊಸರಿನ ನೀರನ್ನು ಅಷ್ಟು ಕಷ್ಟಪಟ್ಟು ಸೋಸಿ, ಮತ್ತೆ ಕಲ್ಲಂಗಡಿ ಹಾಕುವುದು ಯಾಕೆ? ಹಸಿ ಸೇಬು ಗಟ್ಟಿ ಚಕ್ಕೆಯಾಗುತ್ತದೆ, ಬೇಯಿಸಿ ಹಾಕಿದರೆ ಪರವಾಗಿಲ್ಲ. ದಾಳಿಂಬೆ ನೋಡಲು ಚಂದ, ಹಲ್ಲಿಗೆ ಮಣಿ ಸಿಕ್ಕಂತೆ. ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡವರು ಯೋಚಿಸಿ.

ಯಾವ ಹಣ್ಣೇ ಆಗಲಿ, ತೊಳೆದ ಮೇಲೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ. ಸಿಪ್ಪೆಯ ಮೇಲೆ ಉಳಿದ ಹನಿ ಮೊಸರಿಗೂ ಹಣ್ಣಿಗೂ ನಡುವೆ ಐಸ್ ಪದರವಾಗಿ ನಿಲ್ಲುತ್ತದೆ. ಆಗ ಹಣ್ಣು ಹಿಡಿದುಕೊಳ್ಳುವುದಿಲ್ಲ.

ಅನಾನಸ್ ಹಾಕಿದ್ದೆ, ಎಲ್ಲಾ ಕಹಿ! ಮೊಸರು ಕೆಟ್ಟಿತ್ತಾ?

ಮೊಸರಿನ ತಪ್ಪಿಲ್ಲ. ಈ ಪಾಠ ನನಗೂ ದುಬಾರಿಯಾಗಿಯೇ ಬಂದದ್ದು. ನೆಂಟರು ಬರುವ ದಿನ, ಬೆಳಿಗ್ಗೆಯೇ ಮೊಸರಿಗೆ ಅನಾನಸ್ ಬೆರೆಸಿ ಫ್ರಿಜ್‌ನಲ್ಲಿಟ್ಟು, ಮಧ್ಯಾಹ್ನ ಅಚ್ಚಿಗೆ ಸುರಿದೆ. ಸಂಜೆ ಮೊದಲ ತುಂಡು ಬಾಯಿಗಿಟ್ಟ ಅಕ್ಕ ಏನೂ ಹೇಳಲಿಲ್ಲ, ಮೆಲ್ಲಗೆ ಎದ್ದು ಅಡುಗೆಮನೆ ಸಿಂಕ್ ಕಡೆ ಹೋದಳು.

ಹಸಿ ಅನಾನಸ್‌ನಲ್ಲಿ ಬ್ರೊಮೆಲೇನ್ ಅನ್ನುವ ಕಿಣ್ವ ಇದೆ. ಅದು ಪ್ರೋಟೀನನ್ನು ಕತ್ತರಿಸುತ್ತದೆ. ಹಾಲಿನ ಪ್ರೋಟೀನಿನ ಆ ತುಂಡುಗಳಲ್ಲಿ ಕೆಲವು ಕಹಿ. ಮೊಸರಿನ ಬಲೆಯೂ ಹರಿದು ತೆಳ್ಳಗಾಗುತ್ತದೆ. ಕಿವಿ ಹಣ್ಣಿನ ಆಕ್ಟಿನಿಡಿನ್, ಪಪ್ಪಾಯದ ಪಪೇನ್ ಕೂಡ ಇದೇ ಜಾತಿ. ಫ್ರೀಜರ್ ಇವನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ.

ಶಾಖ ಕೊಟ್ಟರೆ ಮಾತ್ರ ಕೆಲಸ ಮುಗಿಯುತ್ತದೆ. ಅನಾನಸ್ ಚೂರುಗಳನ್ನು ಒಂದು ಚಮಚ ಸಕ್ಕರೆ ಹಾಕಿ ಐದಾರು ನಿಮಿಷ ಕುದಿಸಿ, ಪೂರ್ತಿ ಆರಿಸಿ ಹಾಕಿ. ಡಬ್ಬಿಯಲ್ಲಿ ಬರುವ ಅನಾನಸ್ ಆಗಲೇ ಬಿಸಿ ಕಂಡಿರುತ್ತದೆ, ರಸ ಬಸಿದು ಬಳಸಿ. ಕಿವಿ ಹಸಿಯಾಗಿಯೇ ಬೇಕು ಅಂದರೆ ಮೊಸರಿಗೆ ಬೆರೆಸದೆ, ಹರಡಿದ ಹಾಳೆಯ ಮೇಲೆ ಕೊನೆಯ ಗಳಿಗೆಯಲ್ಲಿ ಬಿಲ್ಲೆ ಇಟ್ಟು ತಕ್ಷಣ ಫ್ರೀಜರ್‌ಗೆ ತಳ್ಳಿ. ಬೇಗ ತಿಂದು ಮುಗಿಸಿ.

ಬಾಳೆಹಣ್ಣು ಕಪ್ಪಾಗುತ್ತೆ. ಏನು ಮಾಡೋದು?

ಹೆಚ್ಚಿದ ಕೂಡಲೇ ನಿಂಬೆರಸ ಸವರಿ, ಇಲ್ಲವೇ ಮೊಸರಿನೊಳಗೆ ಮುಳುಗಿಸಿಬಿಡಿ. ಗಾಳಿ ತಗುಲದಿದ್ದರೆ ಬಣ್ಣ ತಿರುಗುವುದು ನಿಧಾನ, ಹುಳಿಯೂ ಅದನ್ನು ತಡೆಯುತ್ತದೆ. ಮೊಸರಿನಲ್ಲಿ ಎರಡೂ ಸಿಕ್ಕಿತಲ್ಲ! ಕಂದಾಗಿದ್ದರೂ ತಿನ್ನಲು ತೊಂದರೆಯಿಲ್ಲ, ನೋಟ ಮಾತ್ರ ಕೆಟ್ಟಿದೆ.

ಹಣ್ಣನ್ನು ಮಿಕ್ಸಿಗೆ ಹಾಕಿ ಬೆರೆಸೋದಾ, ತುಂಡಾಗಿ ಹಾಕೋದಾ?

ಮಾವು, ಬಾಳೆ ಆದರೆ ಮಿಕ್ಸಿ ಸರಿ. ತಿರುಳು ದಪ್ಪ, ಮೊಸರನ್ನು ಇನ್ನಷ್ಟು ನುಣ್ಣಗೆ ಮಾಡುತ್ತದೆ. ಸ್ಟ್ರಾಬೆರಿಯಂಥದ್ದನ್ನು ರುಬ್ಬಿದರೆ ಅದು ಬಣ್ಣದ ನೀರು. ಹಾಗೇ ಸುರಿದರೆ ಮೊಸರು ಸಡಿಲವಾಗುತ್ತದೆ. ರುಬ್ಬಿದ್ದನ್ನು ಸ್ವಲ್ಪ ಸಕ್ಕರೆ ಜೊತೆ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ. ಚಮಚ ಎಳೆದರೆ ಬಾಣಲೆಯ ತಳ ಒಂದು ಕ್ಷಣ ಕಾಣಬೇಕು. ಆರಿದ ಮೇಲೆ ಮೊಸರಿನ ಮೇಲೆ ಅಲ್ಲಲ್ಲಿ ಬಿಟ್ಟು, ಕಡ್ಡಿಯಿಂದ ಒಂದೆರಡು ಸಲ ಎಳೆಯಿರಿ. ಬಿಳಿಯಲ್ಲಿ ಕೆಂಪು ಗೆರೆ ಓಡುತ್ತದೆ. ಪೂರ್ತಿ ಕಲಸಿದರೆ ಬರೀ ಗುಲಾಬಿ. ರುಚಿ ಒಂದೇ, ಆದರೆ ಗೆರೆ ಇದ್ದರೆ ಒಂದು ತುತ್ತು ಹುಳಿ, ಒಂದು ತುತ್ತು ಸಿಹಿ ಸಿಗುತ್ತದೆ.

ಫ್ರೀಜರ್‌ನಲ್ಲಿ ಮೊದಲೇ ಇಟ್ಟ ಹಣ್ಣು ಬಳಸಬಹುದಾ? ನೀರು ಬಿಡುತ್ತಲ್ಲ?

ಕರಗಿಸಿದರೆ ಬಿಡುತ್ತದೆ. ನೀರು ಐಸ್ ಆಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಹರಳು ಬೆಳೆದಂತೆ ಹಣ್ಣಿನ ಜೀವಕೋಶದ ಗೋಡೆ ಹರಿಯುತ್ತದೆ. ಕರಗಿದಾಗ ಹಣ್ಣು ಮೆತ್ತಗಾಗಿ ರಸ ಸುರಿಯುವುದು ಅದಕ್ಕೇ. ಆದ್ದರಿಂದ ಕರಗಿಸಲೇಬೇಡಿ, ಗಟ್ಟಿಯಿದ್ದಂತೆಯೇ ಮೊಸರಿನ ಮೇಲೆ ಉದುರಿಸಿ. ಹಣ್ಣಿನ ತಣುವಿಗೆ ಸುತ್ತಲಿನ ಮೊಸರೂ ಬೇಗ ಗಟ್ಟಿಯಾಗುತ್ತದೆ.

ಕಾಯುವ ತಾಳ್ಮೆಯೇ ಇಲ್ಲದವರಿಗೆ ಇದರಲ್ಲೇ ಒಂದು ದಾರಿ ಇದೆ. ಎರಡು ಕಪ್ ಗಟ್ಟಿ ಹಣ್ಣಿನ ತುಂಡಿಗೆ ಅರ್ಧ ಕಪ್ ತಣ್ಣನೆ ಮೊಸರು, ಒಂದು ಚಮಚ ಜೇನುತುಪ್ಪ ಹಾಕಿ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಮೊದಲು ಮರಳಿನಂತೆ ಪುಡಿಯಾಗುತ್ತದೆ. ಅಲ್ಲಿ ಹೆದರಿ ಹಾಲು ಸುರಿಯಬೇಡಿ. ಚಮಚದಿಂದ ಕೆಳಗೆ ತಳ್ಳಿ ಮತ್ತೆ ತಿರುಗಿಸಿ, ಒಮ್ಮೆಲೇ ನುಣ್ಣಗೆ ತಿರುಗಿಕೊಳ್ಳುತ್ತದೆ. ಐದು ನಿಮಿಷದ ಕೆಲಸ. ಬಟ್ಟಲಿಗೆ ಹಾಕಿ ಕೂಡಲೇ ತಿನ್ನಬೇಕು.

## ಮಕ್ಕಳು ಮತ್ತು ಹೊಟ್ಟೆ

ಪುಟ್ಟ ಮಗುವಿಗೆ ಕೊಡಬಹುದಾ? ಹಲ್ಲು ಬರ್ತಾ ಇದೆ, ತಣ್ಣಗಿದ್ದರೆ ಹಿತ ಅನ್ನಿಸುತ್ತೆ.

ಮೊದಲ ಮಾತು: ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೇಡವೇ ಬೇಡ. ಅದರಲ್ಲಿ ಬಾಟುಲಿಸಂ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಕರುಳು ಅದನ್ನು ತಡೆದುಕೊಳ್ಳುತ್ತದೆ, ಕೂಸಿನದು ಇಲ್ಲ. ಫ್ರೀಜರ್ ಆ ಬೀಜಕಣವನ್ನು ಏನೂ ಮಾಡುವುದಿಲ್ಲ. ಸಿಹಿಗೆ ಮಾಗಿದ ಬಾಳೆ ಸಾಕು.

ಎರಡನೆಯದು ಉಸಿರು ಕಟ್ಟುವ ಭಯ. ಗಟ್ಟಿ ಹಾಳೆಯ ಚೂಪು ಚೂರು, ಐಸ್ ಟ್ರೇಯ ಗಟ್ಟಿ ತುಣುಕು, ಇಡೀ ದ್ರಾಕ್ಷಿ, ಇಡೀ ಬಾದಾಮಿ, ಇವು ಯಾವುವೂ ಸಣ್ಣ ಮಕ್ಕಳ ಕೈಗೆ ಹೋಗಬಾರದು. ದ್ರಾಕ್ಷಿಯನ್ನು ಐದು ವರ್ಷದವರೆಗೂ ಉದ್ದಕ್ಕೆ ನಾಲ್ಕು ಹೋಳು ಮಾಡಿಯೇ ಕೊಡಿ. ಅಡ್ಡಕ್ಕೆ ಕತ್ತರಿಸಿದ ಗುಂಡು ಹೋಳು ಗಂಟಲಿಗೆ ಬಿರಡೆಯಂತೆ ಕೂರುತ್ತದೆ. ಕೂಸಿಗಾದರೆ ಚಮಚದಲ್ಲಿ ಕೆರೆದಷ್ಟು, ಅರ್ಧ ಕರಗಿದ್ದನ್ನು ಕೊಡಿ. ಪಕ್ಕದಲ್ಲೇ ಕೂತಿರಿ.

ಫ್ರೀಜರ್‌ಗೆ ಹಾಕಿದರೆ ಮೊಸರಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಹೋಗಲ್ವಾ?

ಒಂದಷ್ಟು ಸಾಯುತ್ತವೆ, ಉಳಿದವು ನಿದ್ದೆ ಹೋಗುತ್ತವೆ. ಹೊಟ್ಟೆಯ ಬಿಸಿಗೆ ಬಂದಾಗ ಬದುಕಿರುವವು ಮತ್ತೆ ಚುರುಕಾಗುತ್ತವೆ. ಇದೇ ಮಾತು ಕೆಟ್ಟ ಬ್ಯಾಕ್ಟೀರಿಯಾಕ್ಕೂ ಅನ್ವಯಿಸುತ್ತದೆ ಅನ್ನುವುದನ್ನು ಜನ ಮರೆಯುತ್ತಾರೆ. ಹಾಳಾಗಲು ಶುರುವಾದ ಮೊಸರನ್ನು "ಫ್ರೀಜ್ ಮಾಡಿದರೆ ಸರಿಹೋಗುತ್ತೆ" ಅಂತ ಒಳಗಿಟ್ಟರೆ, ಹಾಳಾದ ಮೊಸರೇ ಗಟ್ಟಿಯಾಗಿ ಹೊರಗೆ ಬರುತ್ತದೆ.

ಹಾಲು ಕುಡಿದರೆ ಹೊಟ್ಟೆ ಉಬ್ಬರ. ಇದು ತಿನ್ನಬಹುದಾ?

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದವರಲ್ಲಿ ಹಲವರಿಗೆ ಮೊಸರು ಒಗ್ಗುತ್ತದೆ. ಮೊಸರಾಗುವಾಗಲೇ ಬ್ಯಾಕ್ಟೀರಿಯಾ ಅದರಲ್ಲಿ ಒಂದು ಪಾಲು ತಿಂದು ಮುಗಿಸಿರುತ್ತವೆ, ಸೋಸಿದಾಗ ನೀರಿನ ಜೊತೆ ಇನ್ನೊಂದಿಷ್ಟು ಹೋಗುತ್ತದೆ. ಸ್ವಲ್ಪ ತಿಂದು ನೋಡಿ. ಆದರೆ ಹಾಲಿನ ಅಲರ್ಜಿ ಬೇರೆಯೇ ವಿಷಯ, ಅವರಿಗೆ ಮೊಸರೂ ಬೇಡ. ತೆಂಗಿನ ಹಾಲಿನ ಮೊಸರು ಇದಕ್ಕೆ ತುಂಬಾ ಚೆನ್ನಾಗಿ ಒಗ್ಗುತ್ತದೆ, ಕೊಬ್ಬು ಜಾಸ್ತಿ ಇರುವುದರಿಂದ ನುಣ್ಣಗೆ ಬರುತ್ತದೆ. ಬಾದಾಮಿ ಹಾಲಿನದ್ದು ತೆಳ್ಳಗಿರುತ್ತದೆ, ಬಾಳೆ ಸೇರಿಸಿ ರುಬ್ಬಿಕೊಳ್ಳಿ.

ಸಕ್ಕರೆ ಕಾಯಿಲೆ ಇದೆ. ಜೇನುತುಪ್ಪ ಹಾಕಿದರೆ ಪರವಾಗಿಲ್ವಾ?

ಜೇನುತುಪ್ಪವೂ ಸಕ್ಕರೆಯೇ. ಹಣ್ಣಿನದ್ದೂ ಲೆಕ್ಕಕ್ಕೆ ಬರುತ್ತದೆ. ಸಿಹಿ ಸೇರಿಸದ ಗಟ್ಟಿ ಮೊಸರು, ಮೇಲೆ ಒಂದು ಹಿಡಿ ಬೆರಿ, ಇಷ್ಟರಲ್ಲಿ ಮಾಡಿ. ಎಷ್ಟು ತಿನ್ನಬಹುದು ಅನ್ನುವುದನ್ನು ನಿಮ್ಮ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ಎರಡು ತುಂಡು ತಿಂದರೆ ಹಣೆ ಸಿಡಿದಂತಾಗುತ್ತೆ.

ಅಂಗುಳಕ್ಕೆ, ಅಂದರೆ ಬಾಯಿಯ ಒಳಗಿನ ಮೇಲ್ಭಾಗಕ್ಕೆ, ಒಮ್ಮೆಲೇ ತಣುವು ತಾಗಿ, ಅಲ್ಲಿನ ರಕ್ತನಾಳ ಬಿಗಿದು ಸಡಿಲವಾಗುವಾಗ ಬರುವ ನೋವು ಅದು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯಿರಿ, ನಿಮಿಷದಲ್ಲಿ ಇಳಿಯುತ್ತದೆ. ನಿಧಾನವಾಗಿ ತಿನ್ನಿ.

## ಕೈಕೊಟ್ಟಾಗ

ನಂದು ಕಲ್ಲಿನಂತಾಗುತ್ತೆ, ಅಂಗಡಿದು ಮಾತ್ರ ಮೆತ್ತಗೆ. ಅವರು ಏನು ಹಾಕ್ತಾರೆ?

ಹಾಕುವುದರಲ್ಲಿ ಮುಖ್ಯವಾದದ್ದು ಗಾಳಿ. ಮಷಿನ್ ಮೊಸರನ್ನು ಗಟ್ಟಿಯಾಗಿಸುತ್ತಲೇ ಕಡೆಯುತ್ತದೆ. ಹರಳು ಬೆಳೆಯುವ ಮೊದಲೇ ಮುರಿಯುತ್ತದೆ, ಗಾಳಿಯ ಗುಳ್ಳೆ ಒಳಗೆ ಸೇರುತ್ತದೆ. ಜೊತೆಗೆ ಅದನ್ನು ಬಟ್ಟಲಿಗೆ ಬಿಡುವುದು ಮೈನಸ್ 6 ಡಿಗ್ರಿಯ ಆಸುಪಾಸಿನಲ್ಲಿ. ನಿಮ್ಮದು ಮೈನಸ್ 18ರಿಂದ ಸೀದಾ ಬಾಯಿಗೆ ಬರುತ್ತದೆ. ಹೋಲಿಕೆಯೇ ನ್ಯಾಯವಲ್ಲ ಅಲ್ವಾ? ಅಂಗಡಿಯದನ್ನು ಮನೆಗೆ ತಂದು ಒಂದು ರಾತ್ರಿ ನಿಮ್ಮ ಫ್ರೀಜರ್‌ನಲ್ಲಿಡಿ, ಅದೂ ಬಿಗಿಯಾಗುತ್ತದೆ.

ಮನೆಯಲ್ಲಿ ನಮ್ಮ ಕೈಯಲ್ಲಿರುವ ದೊಡ್ಡ ಆಯುಧ ಸಕ್ಕರೆ. ಬರೀ ನೀರು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಒಂದು ಲೀಟರ್ ನೀರಿಗೆ 342 ಗ್ರಾಂ ಸಕ್ಕರೆ ಹಾಕಿದರೆ ಅದು ಗಟ್ಟಿಯಾಗಲು ಶುರುವಾಗುವುದು ಮೈನಸ್ 1.86ರ ಸುಮಾರಿಗೆ. ಬರೀ ಎರಡು ಡಿಗ್ರಿ, ಇದರಿಂದ ಏನಾಯ್ತು ಅನ್ನಿಸಬಹುದು. ಚಮತ್ಕಾರ ಆಮೇಲೆ ನಡೆಯುತ್ತದೆ. ಐಸ್ ಆಗುವಾಗ ನೀರು ಮಾತ್ರ ಹರಳಾಗುತ್ತದೆ, ಸಕ್ಕರೆ ಹಿಂದೆ ಉಳಿಯುತ್ತದೆ. ಉಳಿದ ನೀರು ಇನ್ನಷ್ಟು ಸಿಹಿಯಾಗಿ, ಗಟ್ಟಿಯಾಗಲು ಇನ್ನಷ್ಟು ತಣುವು ಕೇಳುತ್ತದೆ. ಹೀಗೇ ಸಾಗಿ, ಮೈನಸ್ 18ರಲ್ಲೂ ಹರಳುಗಳ ನಡುವೆ ಒಂದಿಷ್ಟು ಪಾಕ ಗಟ್ಟಿಯಾಗದೆ ಉಳಿಯುತ್ತದೆ. ಹಲ್ಲಿಗೆ ಮೆತ್ತಗೆ ಅನ್ನಿಸುವುದು ಆ ಪಾಕ. ಸಕ್ಕರೆ ಪೂರ್ತಿ ಬಿಟ್ಟು "ಯಾಕೆ ಕಲ್ಲು?" ಅಂತ ಕೇಳುವವರಿಗೆ ಇದೇ ಉತ್ತರ.

ಜೇನುತುಪ್ಪದಲ್ಲಿರುವುದು ಹೆಚ್ಚಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಇವುಗಳ ಅಣು ಸಕ್ಕರೆಯದಕ್ಕಿಂತ ಚಿಕ್ಕದು, ಅಷ್ಟೇ ತೂಕದಲ್ಲಿ ಹೆಚ್ಚು ಅಣುಗಳಿರುತ್ತವೆ. ಹಾಗಾಗಿ ಜೇನುತುಪ್ಪ ಹಾಕಿದ್ದು ಇನ್ನೂ ಮೆತ್ತಗೆ. ದಪ್ಪ ತುಣುಕಿಗೆ ನಾನು ಯಾವಾಗಲೂ ಜೇನುತುಪ್ಪವನ್ನೇ ಹಾಕುವುದು ಇದಕ್ಕೆ.

ಇದಾವುದೂ ಬೇಡ ಅಂದರೆ, ತಿನ್ನುವ ಹತ್ತು ನಿಮಿಷ ಮೊದಲು ತುಣುಕನ್ನು ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಳಿಸಿ.

ಗಟ್ಟಿ ಪರವಾಗಿಲ್ಲ, ಆದರೆ ಮರಳು ಮರಳಾಗಿ ಐಸ್ ಸಿಗುತ್ತೆ.

ನಿಧಾನವಾಗಿ ಗಟ್ಟಿಯಾದರೆ ಹರಳು ದೊಡ್ಡದಾಗುತ್ತದೆ, ಬೇಗ ಆದರೆ ಸಣ್ಣದು. ಮಿಶ್ರಣವನ್ನು ಮೊದಲು ಫ್ರಿಜ್‌ನಲ್ಲಿ ಒಂದೆರಡು ಗಂಟೆ ತಣ್ಣಗಾಗಿಸಿ, ಟ್ರೇಯನ್ನೂ ಮುಂಚೆಯೇ ಫ್ರೀಜರ್‌ನಲ್ಲಿಟ್ಟಿರಿ. ಸ್ಟೀಲ್ ಟ್ರೇ ಪ್ಲಾಸ್ಟಿಕ್‌ಗಿಂತ ಬೇಗ ಬಿಸಿ ಎಳೆಯುತ್ತದೆ. ಬಟ್ಟಲಲ್ಲಿ ಚಮಚದಿಂದ ತಿನ್ನುವ ತರಹದ್ದು ಮಾಡುವಾಗ, ಅಗಲ ಡಬ್ಬಿಯಲ್ಲಿ ಹಾಕಿ ಪ್ರತಿ ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಅಂಚಿನ ಗಟ್ಟಿಯನ್ನು ನಡುವಿಗೆ ಎಳೆದು ಕಲಸಿ. ಮೂರು ನಾಲ್ಕು ಸಲ ಸಾಕು. ಮಷಿನ್ ಮಾಡುವ ಕೆಲಸವನ್ನೇ ನೀವು ಕೈಯಲ್ಲಿ ಮಾಡುತ್ತಿದ್ದೀರಿ.

ಮಾಡಿದ ದಿನ ನುಣ್ಣಗಿದ್ದು ವಾರದ ನಂತರ ಮರಳಾದರೆ ತಪ್ಪು ಬಾಗಿಲಿನದು. ತೆಗೆದು ಹಾಕಿ ಮಾಡಿದಾಗೆಲ್ಲ ಸಣ್ಣ ಹರಳು ಕರಗುತ್ತದೆ, ಮತ್ತೆ ಗಟ್ಟಿಯಾಗುವಾಗ ದೊಡ್ಡ ಹರಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಡಬ್ಬಿಯನ್ನು ಬಾಗಿಲ ಹತ್ತಿರ ಇಡದೆ ಹಿಂದಕ್ಕೆ ತಳ್ಳಿ.

ಹಾಳೆ ಕೈಗೆ ತಗೊಂಡ ಕೂಡಲೇ ಕರಗಿ ಬೆರಳಿಗೆಲ್ಲ ಅಂಟುತ್ತೆ.

ತೆಳ್ಳಗಿರುವುದರ ಬೆಲೆ ಅದು. ಒಂದು ತಟ್ಟೆಯನ್ನೂ ಫ್ರೀಜರ್‌ನಲ್ಲಿಟ್ಟು ಅದರ ಮೇಲೆ ಬಡಿಸಿ. ಒಟ್ಟಿಗೆ ಎಲ್ಲವನ್ನೂ ಹೊರಗೆ ತೆಗೆಯದೆ, ತಿನ್ನುವಷ್ಟನ್ನೇ ತನ್ನಿ. ಊಟದ ಡಬ್ಬಿಗೆ, ಪ್ರಯಾಣಕ್ಕೆ ಇದು ಆಗುವುದಿಲ್ಲ, ಸುಮ್ನೆ ಪ್ರಯತ್ನಿಸಬೇಡಿ.

ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬಹುದಾ?

ಅಂಚು ಮಾತ್ರ ಮೆತ್ತಗಾಗಿದ್ದರೆ ವಾಪಸ್ ಇಡಿ. ಪೂರ್ತಿ ಕರಗಿ ಹೊರಗೆ ಎರಡು ಗಂಟೆ ದಾಟಿದ್ದರೆ ಎಸೆಯಿರಿ. ಕರೆಂಟ್ ಹೋಗಿ ಫ್ರಿಜ್ ಒಳಗೇ ಕರಗಿ ಇನ್ನೂ ತಣ್ಣಗೇ ಇದ್ದರೆ, ಅವತ್ತೇ ಮಿಕ್ಸಿಗೆ ಹಾಕಿ ಕುಡಿದುಬಿಡಿ. ಎರಡನೇ ಸಲ ಗಟ್ಟಿ ಮಾಡಿದ್ದು ಯಾವತ್ತೂ ಮೊದಲಿನಂತಿರುವುದಿಲ್ಲ.

## ಕೈ ಪಳಗಿದವರಿಗೆ

ಕಡ್ಡಿ ನೆಟ್ಟಗೆ ನಿಲ್ಲಲ್ಲ, ಅಚ್ಚಿನಿಂದ ಹೊರಗೂ ಬರಲ್ಲ.

ಗಂಟೆ, ಒಂದೂವರೆ ಗಂಟೆ ಬಿಟ್ಟು, ಮಿಶ್ರಣ ಗಟ್ಟಿ ಹಿಟ್ಟಿನ ಹದಕ್ಕೆ ಬಂದಾಗ ಕಡ್ಡಿ ಚುಚ್ಚಿ. ಅಚ್ಚನ್ನು ಕಂಠಪೂರ್ತಿ ತುಂಬಬೇಡಿ, ಹಿಗ್ಗಲು ಜಾಗ ಬೇಕು. ಗಾಜಿನ ಲೋಟದಲ್ಲಂತೂ ಬೇಡವೇ ಬೇಡ, ಬಿರುಕು ಬಿಡಬಹುದು. ತೆಗೆಯುವಾಗ ನಲ್ಲಿ ನೀರಿನ ಕೆಳಗೆ ಅಚ್ಚಿನ ಹೊರಮೈಯನ್ನು ಹತ್ತು ಎಣಿಸುವಷ್ಟು ಹೊತ್ತು ಹಿಡಿದು, ಎಳೆಯದೆ ತಿರುಗಿಸಿ. ಎಳೆದರೆ ಕಡ್ಡಿ ಮಾತ್ರ ಕೈಗೆ ಬರುತ್ತದೆ.

ಚಾಕೊಲೇಟ್‌ನಲ್ಲಿ ಅದ್ದಿದರೆ ಪದರ ದಪ್ಪವಾಗಿ ಹಲ್ಲು ನೋವು ಬರುತ್ತೆ.

100 ಗ್ರಾಂ ಚಾಕೊಲೇಟ್‌ಗೆ ಒಂದು ದೊಡ್ಡ ಚಮಚ ತೆಂಗಿನ ಎಣ್ಣೆ ಹಾಕಿ, ಬಿಸಿ ನೀರಿನ ಪಾತ್ರೆಯ ಮೇಲೆ ಇನ್ನೊಂದು ಬಟ್ಟಲಿಟ್ಟು ಕರಗಿಸಿ. ಎಣ್ಣೆ ಅದನ್ನು ತೆಳ್ಳಗೆ ಮಾಡುತ್ತದೆ. ತೆಂಗಿನ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ತಾನೇ ಗಟ್ಟಿಯಾಗುವುದರಿಂದ, ತಣ್ಣನೆ ತುಣುಕು ತಾಗಿದ ಕೂಡಲೇ ಪದರ ಕೂರುತ್ತದೆ. ಹೊಳೆಯುತ್ತಿದ್ದದ್ದು ಕಣ್ಣೆದುರೇ ಮಂಕಾಗುವುದನ್ನು ನೋಡಬಹುದು, ಅದೇ ಗುರುತು. ಬೆಚ್ಚಗಿದ್ದಾಗ ಅದ್ದಿ, ಬಿಸಿಯಿದ್ದಾಗ ಅಲ್ಲ. ಒಂದೆರಡು ಹನಿ ನೀರು ಬಿದ್ದರೂ ಕರಗಿದ ಚಾಕೊಲೇಟ್ ಗಂಟುಗಟ್ಟಿ ಮುದ್ದೆಯಾಗುತ್ತದೆ. ಚಮಚ, ಬಟ್ಟಲು ಒಣಗಿರಲಿ.

ಹಾಲಿನ ಪುಡಿ, ಕಾರ್ನ್‌ಫ್ಲೋರ್, ಜೆಲಾಟಿನ್ ಹಾಕ್ತಾರಂತೆ. ಯಾವುದು ಒಳ್ಳೇದು?

ಮೂರೂ ಮಾಡುವುದು ಒಂದೇ ಕೆಲಸ: ಓಡಾಡುವ ನೀರನ್ನು ಹಿಡಿದು ಕೂರಿಸುವುದು. ಸುಲಭದ್ದು ಹಾಲಿನ ಪುಡಿ, ಅರ್ಧ ಕಿಲೋ ಮೊಸರಿಗೆ 2 ದೊಡ್ಡ ಚಮಚ. ಜಾಸ್ತಿ ಹಾಕಿದರೆ ಲ್ಯಾಕ್ಟೋಸ್ ಹರಳಾಗಿ ನಾಲಿಗೆಗೆ ಮರಳು ಸಿಗುತ್ತದೆ. ಕಾರ್ನ್‌ಫ್ಲೋರ್ ಹಸಿಯಾಗಿ ಹಾಕಬೇಡಿ. 2 ಚಿಕ್ಕ ಚಮಚವನ್ನು ಅರ್ಧ ಕಪ್ ಹಾಲಿನಲ್ಲಿ ಗಂಟಿಲ್ಲದೆ ಕದಡಿ, ದಪ್ಪಗಾಗುವವರೆಗೆ ಕುದಿಸಿ, ಪೂರ್ತಿ ಆರಿಸಿ ಬೆರೆಸಿ. ಜೆಲಾಟಿನ್ ಪ್ರಾಣಿಜನ್ಯ, ಸಸ್ಯಾಹಾರಿಗಳಿಗೆ ಆಗದು. ಅದೂ ಪ್ರೋಟೀನೇ ಆದ್ದರಿಂದ ಹಸಿ ಅನಾನಸ್ ಜೊತೆ ಸೋಲುತ್ತದೆ. ನಾನು ಬಳಸುವುದು ಹಾಲಿನ ಪುಡಿ ಮಾತ್ರ. ಮೊಸರನ್ನು ಚೆನ್ನಾಗಿ ಸೋಸಿದ್ದರೆ ಅದೂ ಬೇಕಾಗುವುದಿಲ್ಲ.

ಎಷ್ಟು ದಿನ ಇಡಬಹುದು? ನಂದಕ್ಕೆ ಈರುಳ್ಳಿ ವಾಸನೆ ಬಂದಿತ್ತು!

ಎರಡು ವಾರದೊಳಗೆ ತಿಂದರೆ ರುಚಿ ಚೆನ್ನಾಗಿರುತ್ತದೆ, ಎರಡು ತಿಂಗಳವರೆಗೆ ಕೆಡುವುದಿಲ್ಲ. ಮೊಸರಿನ ಕೊಬ್ಬು ಪಕ್ಕದವರ ವಾಸನೆಯನ್ನೆಲ್ಲ ಹೀರುತ್ತದೆ. ಮುಚ್ಚದೆ ಇಟ್ಟರೆ ಇನ್ನೊಂದು ತೊಂದರೆ, ಐಸ್ ಕರಗದೆಯೇ ಆವಿಯಾಗಿ ಹೋಗಿ ಮೇಲ್ಮೈ ಒಣಗಿ ಬಿಳಿಚಿಕೊಳ್ಳುತ್ತದೆ. ಮುರಿದ ತುಂಡುಗಳನ್ನು ಮೊದಲು ಟ್ರೇಯಲ್ಲೇ ಬಿಡಿಬಿಡಿಯಾಗಿ ಗಟ್ಟಿ ಮಾಡಿ. ಆಮೇಲೆ ನಡುವೆ ಬಟರ್ ಪೇಪರ್ ಇಟ್ಟು, ಜಿಪ್ ಕವರ್‌ನಲ್ಲಿ ಗಾಳಿ ಹಿಂಡಿ ತೆಗೆದು ಮುಚ್ಚಿ. ಕವರ್ ಮೇಲೆ ತಾರೀಕು ಬರೆಯಿರಿ. ಗೋಡಂಬಿ, ಓಟ್ಸ್ ಚೂರು ಮೇಲೆ ಹಾಕುವ ಆಸೆಯಿದ್ದರೆ ತಿನ್ನುವ ದಿನವೇ ಹಾಕಿ. ಒಂದು ವಾರ ಒಳಗೆ ಕೂತ ಓಟ್ಸ್‌ಗೆ ಕರುಂ ಅನ್ನಲು ನೆನಪಿರುವುದಿಲ್ಲ.